ಮೇಲೆ ಬಾದಾಮಿ, ಕೆಳಗೆ ಯಾರು? ಮಾವಿನ ಬೇರುಸಸಿಯ ಚರಿತ್ರೆ

(ಪಾಡ್‌ಕಾಸ್ಟ್ ಕಂತಿನ ಅಕ್ಷರ ರೂಪ)

ಚರಿತ್ರೆ ಅಂದ್ರೆ ರಾಜರು, ಯುದ್ಧ, ಶಾಸನ ಅಂತ ಈ ಕಾರ್ಯಕ್ರಮದಲ್ಲಿ ಬಹಳ ಸಲ ಮಾತಾಡಿದ್ದೇವೆ. ಇವತ್ತು ಮಣ್ಣಿನೊಳಗೆ ಹೂತುಹೋಗಿರುವ ಒಂದು ಚರಿತ್ರೆ. ಅದು ಶುರುವಾಗೋದು ನಮ್ಮ ಮನೆಯ ತೋಟದಿಂದ.

ನಮ್ಮೂರು ಶ್ರೀನಿವಾಸಪುರದ ಕಡೆ. ಕೋಲಾರ ಜಿಲ್ಲೆ, ಮಾವಿನ ಸೀಮೆ. 2006ರಲ್ಲಿ ಅಪ್ಪ ಒಂದು ಎಕರೆಗೆ ನಲವತ್ತು ಬಾದಾಮಿ ಕಸಿ ಗಿಡ ಹಾಕಿದರು. ಆಲ್ಫಾನ್ಸೊ ತಳಿಗೆ ನಮ್ಮ ಕಡೆ ಬಾದಾಮಿ ಅಂತಲೇ ಹೆಸರು. ನಲವತ್ತೂ ಗಿಡ ಒಂದೇ ನರ್ಸರಿಯಿಂದ, ಒಂದೇ ದಿನ, ಒಂದೇ ಟೆಂಪೋದಲ್ಲಿ ಬಂದವು. ಎಲ್ಲದಕ್ಕೂ ಒಂದೇ ತಾಯಿಮರದ ಕಡ್ಡಿ ಕಟ್ಟಿದ್ದೇವೆ ಅಂತ ನರ್ಸರಿಯವರು ಹೇಳಿದ್ದರು. ಆ ಮಾತು ಸುಳ್ಳಲ್ಲ. ಹಣ್ಣು ಬಂದಮೇಲೆ ನೋಡಿದರೆ ನಲವತ್ತರಲ್ಲೂ ಅದೇ ಬಣ್ಣ, ಅದೇ ರುಚಿ.

ಆದರೆ ಮರಗಳು ಮಾತ್ರ ಒಂದೊಂದು ಒಂದೊಂದು ಥರ. ಮೂರನೇ ಸಾಲಿನಲ್ಲಿ ಒಂದು ಮರ ಇದೆ, ಅದರ ಬುಡ ನನ್ನ ತೋಳಿಗೆ ಸಿಗೋದಿಲ್ಲ, ಹಣ್ಣು ಕೀಳೋಕೆ ಏಣಿ ಸಾಲದೆ ಉದ್ದ ದೋಟಿ ಬೇಕು. ಅದರ ಪಕ್ಕದ ಮರ ಮನುಷ್ಯನ ಎತ್ತರಕ್ಕಿಂತ ಸ್ವಲ್ಪ ಮೇಲೆ, ಆದ್ರೂ ವರ್ಷಾ ವರ್ಷ ಮೈತುಂಬ ಕಾಯಿ. ಇನ್ನೊಂದರಲ್ಲಿ ಕಸಿ ಗಂಟಿನ ಮೇಲಿನ ಭಾಗ ಊದಿಕೊಂಡು, ಕೆಳಗಿನದು ಸಣ್ಣಗೆ ಉಳಿದು, ಮಗುವಿನ ಕಾಲ ಮೇಲೆ ದೊಡ್ಡವರ ಮೈ ನಿಲ್ಲಿಸಿದ ಹಾಗಿದೆ. ನಾಲ್ಕು ಗಿಡ ಏಳನೇ ವರ್ಷದ ಬರಗಾಲದಲ್ಲಿ ಒಣಗಿಹೋದವು. ಅವಕ್ಕೆ ತಾಗಿಕೊಂಡೇ ಇದ್ದವು ಎಲೆ ಕೂಡ ಬಾಡಿಸಲಿಲ್ಲ.

ಅಪ್ಪ ಮೊದಲು ನೀರನ್ನ ದೂರಿದರು. ಆಮೇಲೆ ಗೊಬ್ಬರವನ್ನ. ಆಮೇಲೆ ಯಾರದೋ ದೃಷ್ಟಿ ತಾಗಿದೆ ಅಂದರು. ಒಂದು ದಿನ ನಮ್ಮೂರಲ್ಲಿ ಕಸಿ ಕಟ್ಟುತ್ತಿದ್ದ ಮುದುಕರೊಬ್ಬರು ತೋಟಕ್ಕೆ ಬಂದಿದ್ದರು. ನಾವೆಲ್ಲ ಅವರನ್ನ ತಾತ ಅಂತಲೇ ಕರೀತಿದ್ದದ್ದು. ಎರಡು ಸಾಲು ನಡೆದು, ಒಂದು ಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಮಣ್ಣು ಸರಿಸಿ ನೋಡಿ ಹೇಳಿದರು: "ಮೇಲೆ ಬಾದಾಮಿ ಕಣಪ್ಪ. ಕೆಳಗೆ ಯಾರವ್ರೋ ಯಾರಿಗೆ ಗೊತ್ತು?"

ಈಗ ಅಣ್ಣ ಇನ್ನೂ ಎರಡು ಎಕರೆಗೆ ಮಾವು ಹಾಕೋಣ ಅಂತ ಹೊರಟಿದ್ದಾನೆ. ನರ್ಸರಿಯವರು ಮುಂಗಡ ಕೇಳಿದ್ದಾರೆ. ಮಾವು ಹಾಕೋದು ಅಂದ್ರೆ ನಲವತ್ತು ವರ್ಷದ ಮಾತು. ತಪ್ಪಾದರೆ ಅದು ಗೊತ್ತಾಗೋದು ಹತ್ತು ವರ್ಷ ಆದಮೇಲೆ. ಹಾಗಾಗಿ ತಾತನ ಆ ಪ್ರಶ್ನೆ ಹಿಡಿದುಕೊಂಡು ನಾನು ಓದೋಕೆ ಕೂತೆ. ಕೆಳಗೆ ಯಾರು? ಅದನ್ನ ಯಾರು, ಯಾವಾಗ, ಹೇಗೆ ಆರಿಸಿದರು?

ಮೊದಲು ಒಂದು ಸಣ್ಣ ವಿವರಣೆ. ಕಸಿ ಗಿಡ ಅಂದ್ರೆ ಒಂದು ಗಿಡ ಅಲ್ಲ, ಎರಡು. ವಾಟೆಯಿಂದ ಹುಟ್ಟಿದ ಸಸಿಯ ಬೇರು ಮತ್ತು ಬುಡ ಕೆಳಗೆ. ಇದು ಬೇರುಸಸಿ. ನಮಗೆ ಬೇಕಾದ ತಳಿಯ ಮರದಿಂದ ತಂದ ಕಸಿಕಡ್ಡಿ ಮೇಲೆ. ಎರಡರ ತೊಗಟೆಯ ಒಳಗಿನ ಹಸಿರು ಪದರ ಒಂದಕ್ಕೊಂದು ತಾಗಿ ಬೆಸೆದುಕೊಂಡರೆ ಕಸಿ ಹಿಡೀತು ಅಂತ ಅರ್ಥ. ಆಮೇಲೂ ಅವು ಒಂದರಲ್ಲೊಂದು ಕರಗೋದಿಲ್ಲ. ಮೇಲಿನದು ಕೊನೇವರೆಗೂ ಬಾದಾಮಿ, ಕೆಳಗಿನದು ಕೊನೇವರೆಗೂ ಅದೇ ನಾಟಿ. ನೀರು, ಲವಣ ಎಲ್ಲ ಕೆಳಗಿನವನ ಕೈಲಿ. ಮರ ಎಷ್ಟು ದೊಡ್ಡದಾಗಬೇಕು, ಬರ ತಡೀಬೇಕಾ, ಉಪ್ಪು ನೀರು ಸಹಿಸಬೇಕಾ, ಇವನ್ನೆಲ್ಲ ಬಹುಮಟ್ಟಿಗೆ ಅವನೇ ತೀರ್ಮಾನ ಮಾಡೋದು. ಮಾರುಕಟ್ಟೆಯಲ್ಲಿ ಹೆಸರು ಮಾತ್ರ ಮೇಲಿನವನದು.

ಮಾವಿನಲ್ಲಿ ಕಸಿ ಯಾಕೆ ಬೇಕಾಯ್ತು? ಬಾದಾಮಿ ಹಣ್ಣಿನ ವಾಟೆ ಹಾಕಿದರೆ ಬಾದಾಮಿ ಬರೋದಿಲ್ಲ. ನಮ್ಮ ದೇಶದ ಹೆಸರಾಂತ ತಳಿಗಳಲ್ಲಿ ಹೆಚ್ಚಿನವು ಏಕಭ್ರೂಣದ ಜಾತಿ. ವಾಟೆಯೊಳಗೆ ಒಂದೇ ಮೊಳಕೆ. ಆ ಮೊಳಕೆಗೆ ತಾಯಿಯ ಗುಣ ಅರ್ಧ, ಯಾವ ಮರದಿಂದ ಪರಾಗ ಬಂತೋ ಅದರ ಗುಣ ಅರ್ಧ. ಮನುಷ್ಯರ ಮಕ್ಕಳ ಹಾಗೇ. ಅಪ್ಪನ ಥರ ಮಗ ಇರಲೇಬೇಕು ಅಂತೇನಿಲ್ಲ. ಸಾವಿರಾರು ವರ್ಷ ನಮ್ಮ ದೇಶದ ಮಾವಿನ ತೋಪುಗಳೆಲ್ಲ ಹೀಗೆ ವಾಟೆಯಿಂದ ಹುಟ್ಟಿದವೇ. ಒಂದೊಂದು ಮರಕ್ಕೂ ಒಂದೊಂದು ರುಚಿ, ಒಂದೊಂದು ಹೆಸರು.

ಕಸಿ ಕಟ್ಟೋ ವಿದ್ಯೆ ನಮಗೆ ಗೊತ್ತೇ ಇರಲಿಲ್ಲ ಅಂತ ಅಲ್ಲ. ಆರನೇ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದದ ಅಧ್ಯಾಯ ಇದೆ. ಒಂದು ಗಿಡದ ಬುಡ ಕತ್ತರಿಸಿ, ಇಲ್ಲಾ ಕಾಂಡದ ಮೇಲೆ, ಇನ್ನೊಂದನ್ನು ಕೂರಿಸುವ ಮಾತು ಅಲ್ಲಿ ಬರುತ್ತೆ. ನಮ್ಮ ಕನ್ನಡದಲ್ಲೇ ಸುಮಾರು 1025ರಲ್ಲಿ ಚಾವುಂಡರಾಯ ಬರೆದ ಲೋಕೋಪಕಾರ ಇದೆ. ಇದು ಶ್ರವಣಬೆಳಗೊಳದ ಚಾವುಂಡರಾಯ ಅಲ್ಲ, ಕಲ್ಯಾಣ ಚಾಲುಕ್ಯರ ಕಾಲದ ಇನ್ನೊಬ್ಬ. ಅಡುಗೆಯಿಂದ ಹಿಡಿದು ನೀರು ಹುಡುಕೋದರವರೆಗೆ ಎಲ್ಲ ಇರೋ ಆ ಪುಸ್ತಕದಲ್ಲಿ ಗಿಡಮರಗಳ ಆರೈಕೆಗೆ ಒಂದು ಪೂರ್ತಿ ಅಧ್ಯಾಯ. ಸಾವಿರ ವರ್ಷದ ಹಿಂದೆಯೇ ಕನ್ನಡದಲ್ಲಿ ತೋಟಗಾರಿಕೆ ಬರೆಯೋರಿದ್ದರು, ಓದೋರಿದ್ದರು.

ಆದರೆ ಮಾವಿನಲ್ಲಿ ಕಸಿ ದೊಡ್ಡ ಪ್ರಮಾಣದಲ್ಲಿ ಹರಡಿದ್ದಕ್ಕೆ ಗೋವಾದ ಕಡೆ ನೋಡಬೇಕು. ಪೋರ್ಚುಗೀಸರು ಗೋವಾ ಹಿಡಿದದ್ದು 1510ರಲ್ಲಿ. ಅಲ್ಲಿ ನೆಲೆಸಿದ ಗಾರ್ಸಿಯಾ ದ ಓರ್ತಾ ಎಂಬ ವೈದ್ಯ 1563ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಮಾವಿನ ಬಗ್ಗೆ ಬರೆದ. ಬೊಂಬಾಯಿಯ ತನ್ನ ಜಮೀನಿನಲ್ಲಿ ವರ್ಷಕ್ಕೆ ಎರಡು ಸಲ ಕಾಯಿ ಬಿಡೋ ಮರ ಇದೆ ಅಂತ ಹೆಮ್ಮೆಯಿಂದ ಹೇಳಿಕೊಂಡ. ಆಮೇಲಿನ ತಲೆಮಾರುಗಳಲ್ಲಿ ಜೆಸ್ಯೂಟ್ ಪಾದ್ರಿಗಳು ಮತ್ತು ಗೋವಾದ ತೋಟದವರು ಒಳ್ಳೆ ಮರಗಳನ್ನು ಆರಿಸಿ ಕಸಿಯಿಂದ ಹೆಚ್ಚಿಸಿದರು. ಮೊಘಲರ ಕಾಲದ ಬಗ್ಗೆ ಬರೆದ ವೆನಿಸ್‌ನ ನಿಕೊಲಾವ್ ಮನುಚ್ಚಿ ಗೋವಾದ ಮಾವನ್ನು ಹೊಗಳುತ್ತಾ ಅಲ್ಲಿನ ತಳಿಗಳ ಹೆಸರು ಪಟ್ಟಿ ಮಾಡುತ್ತಾನೆ. ಅದರಲ್ಲಿ 'ನಿಕುಲಾವ್ ಅಫೊನ್ಸೊ' ಅಂತ ಒಂದು ಹೆಸರು. ಆಲ್ಫಾನ್ಸೊ ಅಂದಕೂಡಲೇ ನಾವು ಅಲ್ಬುಕರ್ಕ್ ಎಂಬ ಸೇನಾಪತಿಯನ್ನ ನೆನೀತೀವಿ. ಈ ಪಟ್ಟಿ ನೋಡಿದರೆ, ಹೆಸರು ಬಂದದ್ದು ತೋಟದ ಯಾರೋ ನಿಕುಲಾವ್‌ನಿಂದ ಇರಬಹುದಲ್ವಾ ಅನ್ನಿಸುತ್ತೆ.

ಉತ್ತರದಲ್ಲಿ ಅಕ್ಬರ್ ದರ್ಭಾಂಗದ ಹತ್ತಿರ ಒಂದು ಲಕ್ಷ ಮಾವಿನ ಗಿಡ ಹಾಕಿಸಿದ ಅನ್ನೋ ಪ್ರತೀತಿ ಇದೆ, ಲಖೀ ಬಾಗ್ ಅಂತ. ಹತ್ತೊಂಬತ್ತನೇ ಶತಮಾನದ ಕೊನೆಗೆ ದರ್ಭಾಂಗ ಮಹಾರಾಜರ ತೋಟದ ಮೇಲ್ವಿಚಾರಕನಾಗಿದ್ದ ಚಾರ್ಲ್ಸ್ ಮೇರೀಸ್ ಆ ಹಳೇ ತೋಪಿನ ಬಗ್ಗೆ, ಭಾರತದ ಮಾವಿನ ತಳಿಗಳ ಬಗ್ಗೆ ಬರೆದ.

ಈಗ ಒಂದು ಮಾತು ಗಮನಿಸಿ. ಈ ಚರಿತ್ರೆಯಲ್ಲೆಲ್ಲ ಹೆಸರು ಇರೋದು ಹಣ್ಣಿನದು. ಬೇರಿನ ಮಾತೇ ಇಲ್ಲ. ಯಾಕೆ ಅಂದ್ರೆ, ಆಗಿನ ಕಸಿ ವಿಧಾನದಲ್ಲಿ ಬೇರನ್ನ ಆರಿಸೋ ಪ್ರಶ್ನೆಯೇ ಬರುತ್ತಿರಲಿಲ್ಲ. ಅದು ಸಾಮೀಪ್ಯ ಕಸಿ. ವಾಟೆ ಹಾಕಿ ಬೆಳೆಸಿದ ಸಸಿಯನ್ನ ಮಣ್ಣಿನ ಕುಂಡದಲ್ಲಿ ಇಟ್ಟು, ತಾಯಿಮರದ ಹತ್ತಿರ ಹೊತ್ತೊಯ್ಯಬೇಕು. ಮರದ ಕೊಂಬೆಗೆ ಎಟುಕೋ ಹಾಗೆ ಅಟ್ಟ ಕಟ್ಟಬೇಕು. ಸಸಿಯ ಕಾಂಡದ್ದೂ ಮರದ ರೆಂಬೆಯದ್ದೂ ತೊಗಟೆ ಕೆತ್ತಿ, ಎರಡನ್ನೂ ಜೋಡಿಸಿ, ಬಾಳೆ ನಾರಿನಲ್ಲಿ ಬಿಗಿದು, ಎರಡು ಮೂರು ತಿಂಗಳು ದಿನಾ ನೀರು ಹಾಕಬೇಕು. ಹಿಡಿದಮೇಲೆ ನಿಧಾನಕ್ಕೆ ಮರದಿಂದ ಬೇರ್ಪಡಿಸಬೇಕು. ಇಷ್ಟೆಲ್ಲ ಕಷ್ಟದಲ್ಲಿ ಸಸಿಗೆ ಇರಬೇಕಾದ ಅರ್ಹತೆ ಎರಡೇ. ಒಂದು, ಪೆನ್ಸಿಲ್ ದಪ್ಪ ಇರಬೇಕು. ಎರಡು, ಕುಂಡದಲ್ಲಿ ಸಾಯದೆ ಉಳೀಬೇಕು. ಅದರ ಜಾತಿ ಯಾರು ಕೇಳ್ತಾರೆ? ಸಂತೆಯಲ್ಲಿ ತಿಂದು ಬಿಸಾಡಿದ ವಾಟೆ ಆದರೂ ನಡೀತಿತ್ತು.

ಇದೇ ಸಾಮೀಪ್ಯ ಕಸಿಯ ಗಿಡಗಳೇ ಹಡಗು ಹತ್ತಿ ದೂರ ಹೋದವು. 1889ರಲ್ಲಿ ಅಮೆರಿಕದ ಕೃಷಿ ಇಲಾಖೆ ಬೊಂಬಾಯಿಯಿಂದ ಕಸಿ ಮಾವಿನ ಗಿಡ ತರಿಸಿಕೊಂಡು ಫ್ಲಾರಿಡಾದ ಬೆಳೆಗಾರರಿಗೆ ಕೊಟ್ಟಿತು. ಒಂದೆರಡು ಚಳಿಗಾಲದ ಹಿಮಕ್ಕೆ ಹೆಚ್ಚಿನವು ಸುಟ್ಟುಹೋದವು. ಎಲ್ಬ್ರಿಜ್ ಗೇಲ್ ಎಂಬ ನಿವೃತ್ತ ಪ್ರಾಧ್ಯಾಪಕರ ಹತ್ತಿರ ಒಂದು ಗಿಡ ಉಳೀತು. ಹೆಸರು ಮಲ್ಗೋಬಾ. ಆ ಮಲ್ಗೋಬಾದ ವಾಟೆಗಳನ್ನ 1902ರಲ್ಲಿ ಜಾನ್ ಹೇಡನ್ ಎಂಬ ಸೈನ್ಯದ ನಿವೃತ್ತ ಕ್ಯಾಪ್ಟನ್ ಬಿತ್ತಿದ. ಹಣ್ಣು ನೋಡೋವರೆಗೆ ಅವನು ಬದುಕಲಿಲ್ಲ. 1910ರಲ್ಲಿ ಅವನ ಹೆಂಡತಿ ಆ ಸಸಿಗಳಲ್ಲಿ ಒಂದರಲ್ಲಿ ಕೆಂಪು ಬಣ್ಣದ, ದೊಡ್ಡ ಹಣ್ಣು ಕಂಡಳು. ಅದೇ ಹೇಡನ್ ತಳಿ. ಇವತ್ತು ಯುರೋಪಿನ ಸೂಪರ್‌ಮಾರ್ಕೆಟ್‌ಗಳಲ್ಲಿ ಸಿಗೋ ಟಾಮಿ ಆಟ್ಕಿನ್ಸ್ ಆ ಹೇಡನ್‌ನ ಮಗು.

ಇದರಲ್ಲಿ ನಮಗೆ ಬೇಕಾದ ಸಂಗತಿ ಬೇರೆ. ಫ್ಲಾರಿಡಾದಲ್ಲಿ ಅದಕ್ಕೂ ಮೊದಲೇ ಒಂದು ನಾರುನಾರಾದ, ಘಾಟು ವಾಸನೆಯ ಮಾವು ಇತ್ತು. ಅದರ ಹೆಸರೇ ಟರ್ಪೆಂಟೈನ್. ಯಾರೂ ಆಸೆಪಟ್ಟು ತಿನ್ನೋ ಹಣ್ಣಲ್ಲ. ಹೇಡನ್‌ಗೆ ತಂದೆ ಈ ಟರ್ಪೆಂಟೈನೇ ಅಂತ ಇತ್ತೀಚಿನ ವಂಶವಾಹಿ ಪರೀಕ್ಷೆಗಳು ಹೇಳುತ್ತವೆ. ಫ್ಲಾರಿಡಾದ ತೋಟಗಾರರು ಅದನ್ನೇ ಬೇರುಸಸಿಯಾಗಿ ಇಟ್ಟುಕೊಂಡರು, ಇವತ್ತಿಗೂ ಇಟ್ಟುಕೊಂಡಿದ್ದಾರೆ. ಕಾರಣ ಎರಡು. ಸುಣ್ಣದ ಕಲ್ಲಿನ ಆ ನೆಲದಲ್ಲಿ ಅದು ಬದುಕುತ್ತೆ. ಮತ್ತೆ ಅದು ಬಹುಭ್ರೂಣದ ಜಾತಿ.

ಬಹುಭ್ರೂಣ ಅಂದ್ರೇನು? ಇದು ಇವತ್ತಿನ ಕಥೆಯ ಕೀಲಿ. ಕೆಲವು ಮಾವುಗಳ ವಾಟೆ ಹೂಳಿದರೆ ಒಂದಲ್ಲ, ಮೂರು ನಾಲ್ಕು ಮೊಳಕೆ ಏಳುತ್ತವೆ. ಅದರಲ್ಲಿ ಹೆಚ್ಚೆಂದರೆ ಒಂದು ಪರಾಗಸ್ಪರ್ಶದಿಂದ ಹುಟ್ಟಿದ್ದು. ಉಳಿದವು ಬೀಜದ ಒಳಗಿನ ತಾಯಿಯ ಅಂಗಾಂಶದಿಂದಲೇ ನೇರವಾಗಿ ಹುಟ್ಟಿದವು. ಅಂದ್ರೆ ತಾಯಿಯ ಯಥಾವತ್ ನಕಲು. ಕಸಿ ಇಲ್ಲ, ಏನಿಲ್ಲ, ಬರೀ ವಾಟೆ ಹಾಕಿದರೆ ಒಂದೇ ಗುಣದ ನೂರು ಸಸಿ. ಬೇರುಸಸಿಗೆ ಇದಕ್ಕಿಂತ ಇನ್ನೇನು ಬೇಕು? ಆಗ್ನೇಯ ಏಷ್ಯಾದ ಮಾವುಗಳಲ್ಲಿ ಇದು ಸಾಮಾನ್ಯ, ಫಿಲಿಪೀನ್ಸ್‌ನ ಕಾರಬಾವ್ ಇದೇ ಜಾತಿ. ಭಾರತದಲ್ಲಿ ಇಂಥವು ಮುಖ್ಯವಾಗಿ ಒಂದೇ ಕಡೆ ಇವೆ: ಪಶ್ಚಿಮ ಕರಾವಳಿಯಲ್ಲಿ. ಕೇರಳದ ಓಲೂರ್, ಚಂದ್ರಕಾರನ್, ಮೂವಾಂಡನ್, ಕುರುಕ್ಕನ್. ಕುರುಕ್ಕನ್ ಅಂದ್ರೆ ಮಲಯಾಳದಲ್ಲಿ ನರಿ. ಹೆಸರಿನಲ್ಲೇ ಕೊಲಂಬೊ ಇರೋ ವೆಳ್ಳೈಕೊಲಂಬಾನ್. ನಮ್ಮ ಕರಾವಳಿಯ ನೆಕ್ಕರೆ. ಮತ್ತೆ ಬಪ್ಪಕಾಯಿ. ಮಂಗಳೂರು, ಕುಂದಾಪುರದ ಕಡೆಯವರು ಈ ಹೆಸರು ಕೇಳಿ ನಗಬಹುದು, ಅಲ್ಲಿ ಬಪ್ಪಂಗಾಯಿ ಅಂದ್ರೆ ಪರಂಗಿ ಹಣ್ಣು. ಇದು ಮಾವು.

ಇಪ್ಪತ್ತನೇ ಶತಮಾನದ ಮೊದಲಲ್ಲಿ ಇಂಗ್ಲೆಂಡಿನಲ್ಲಿ ಸೇಬಿನ ಬೇರುಸಸಿಗಳನ್ನ ಅಚ್ಚುಕಟ್ಟು ಮಾಡೋ ಕೆಲಸ ನಡೀತು. ಅಲ್ಲಿನ ಬೇರುಸಸಿಗಳೂ ಮೊದಲು ನಮ್ಮ ಮಾವಿನ ಹಾಗೇ ಕಲಸುಮೇಲೋಗರ. ಒಂದೇ ಹೆಸರಲ್ಲಿ ನಾಲ್ಕು ಥರದವು. 1913ರಲ್ಲಿ ಕೆಂಟ್ ಪ್ರಾಂತ್ಯದ ಈಸ್ಟ್ ಮಾಲಿಂಗ್‌ನಲ್ಲಿ ಒಂದು ಸಂಶೋಧನಾ ಕೇಂದ್ರ ಆಯ್ತು. ರೊನಾಲ್ಡ್ ಹ್ಯಾಟನ್ ಅವುಗಳನ್ನ ಬೇರೆ ಬೇರೆ ಮಾಡಿ, ಹೆಸರಿನ ಬದಲು ಸಂಖ್ಯೆ ಕೊಟ್ಟರು. ಎಂ 9 ಹಾಕಿದರೆ ಮರ ಗಿಡ್ಡ, ಇನ್ನೊಂದು ಹಾಕಿದರೆ ಎತ್ತರ, ಅಂತ ರೈತ ಮೊದಲೇ ತಿಳಿದು ನೆಡೋ ಹಾಗಾಯ್ತು. ಇವತ್ತು ಸೇಬಿನ ಗಿಡ ಕೊಳ್ಳೋರು ತಳಿಯ ಜೊತೆಗೆ ಬೇರಿನ ನಂಬರನ್ನೂ ಕೇಳ್ತಾರೆ. ನೂರು ವರ್ಷ ಆದಮೇಲೂ ಮಾವು ಕೊಳ್ಳೋ ನಾವು ಆ ಪ್ರಶ್ನೆ ಕೇಳೋದಿಲ್ಲ.

ಪ್ರಯತ್ನವೇ ನಡೀಲಿಲ್ಲ ಅಂತ ಅಲ್ಲ. 1935ರಲ್ಲಿ ಆಗಿನ ಮದ್ರಾಸ್ ಪ್ರಾಂತ್ಯದ ಕಡಪ ಜಿಲ್ಲೆಯ ಕೋಡೂರು ಬಳಿಯ ಅನಂತರಾಜುಪೇಟೆಯಲ್ಲಿ ಹಣ್ಣಿನ ಸಂಶೋಧನಾ ಕೇಂದ್ರ ಶುರುವಾಯ್ತು. ನಮ್ಮ ಕೋಲಾರದ ಹಾಗೇ ಬಿಸಿಲು, ಕೆಂಪು ಮಣ್ಣು. ಅಲ್ಲಿ ಕೆ.ಸಿ. ನಾಯಕ್ ಎಂಬ ವಿಜ್ಞಾನಿ ದಕ್ಷಿಣ ಭಾರತದ ಮಾವುಗಳನ್ನ ಕಲೆಹಾಕಿ ಅಧ್ಯಯನ ಮಾಡಿದರು. ಬಹುಭ್ರೂಣದ ಕರಾವಳಿ ಮಾವುಗಳನ್ನ ಬೇರುಸಸಿಯಾಗಿ ಹಾಕಿ ನೋಡೋ ಕೆಲಸ ಕೋಡೂರಿನಲ್ಲಿ ನಡೀತು. ನಾಯಕ್ ಅವರ ದಕ್ಷಿಣ ಭಾರತದ ಹಣ್ಣುಗಳ ಪುಸ್ತಕ 1949ರಲ್ಲಿ ಬಂತು. ಅದಾದ ಹದಿನೈದು ವರ್ಷಕ್ಕೆ, 1964ರಲ್ಲಿ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹುಟ್ಟಿದಾಗ ಅದರ ಮೊದಲ ಕುಲಪತಿಯಾದವರು ಇದೇ ನಾಯಕ್. ಕೋಡೂರಿನ ಬಹುಭ್ರೂಣ ಬೇರುಸಸಿಗಳ ಫಲಿತಾಂಶ 1972ರಲ್ಲಿ ಪ್ರಕಟವಾಯ್ತು. ಬುಡ ಬದಲಾದರೆ ಮರದ ಗಾತ್ರವೂ ಬೆಳೆಯೂ ಬದಲಾಗುತ್ತವೆ ಅಂತ ಅಳೆದು ತೋರಿಸಿದ ಕೆಲಸ ಅದು.

ಆಮೇಲೆ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ ಆಲ್ಫಾನ್ಸೊಗೆ, ಅಂದ್ರೆ ನಮ್ಮ ಬಾದಾಮಿಗೆ, ಬೇರೆ ಬೇರೆ ಬುಡ ಹಾಕಿ ವರ್ಷಗಟ್ಟಲೆ ನೋಡಿದರು. ವೆಳ್ಳೈಕೊಲಂಬಾನ್ ಮೇಲೆ ಕಟ್ಟಿದ ಬಾದಾಮಿ ಗಿಡ್ಡವಾಗಿ ಉಳೀತು, ಮರದ ಗಾತ್ರಕ್ಕೆ ಹೋಲಿಸಿದರೆ ಕಾಯಿ ಚೆನ್ನಾಗಿ ಕೊಟ್ಟಿತು. ಓಲೂರ್, ಬಪ್ಪಕಾಯಿ, ಮೂವಾಂಡನ್ ಮೇಲೆ ಮರ ಜೋರಾಗಿ ಬೆಳೀತು. ಇದನ್ನ ಓದಿದಾಗ ನಾನು ಪುಸ್ತಕ ಮುಚ್ಚಿ ನಮ್ಮ ಮೂರನೇ ಸಾಲನ್ನ ನೆನೆಸಿಕೊಂಡೆ. ಆ ಗಿಡ್ಡ ಮರ, ಪಕ್ಕದ ದೈತ್ಯ. ಅಪ್ಪ ಗೊಬ್ಬರ ಹಾಕಿದ್ದರಲ್ಲಿ ತಪ್ಪಿರಲಿಲ್ಲ. ಹದಿನೆಂಟು ವರ್ಷ ಆ ಮನುಷ್ಯ ತನ್ನನ್ನೇ ಬೈಕೊಂಡದ್ದು ಸುಮ್ಮನೆ.

ಹಾಗಾದ್ರೆ ಇಷ್ಟು ಗೊತ್ತಿದ್ದೂ ನಮ್ಮ ನರ್ಸರಿಗಳಿಗೆ ಅದು ಯಾಕೆ ಬರಲಿಲ್ಲ? ಇಲ್ಲಿ ಇನ್ನೊಂದು ಚರಿತ್ರೆ ಇದೆ, ವೇಗದ ಚರಿತ್ರೆ.

1963ರಲ್ಲಿ ಡಾ. ಎಂ.ಎಚ್. ಮರಿಗೌಡರು ರಾಜ್ಯದ ತೋಟಗಾರಿಕೆ ನಿರ್ದೇಶಕರಾದರು. ಜಿಲ್ಲೆ ಜಿಲ್ಲೆಗೆ ತೋಟಗಾರಿಕೆ ಕ್ಷೇತ್ರ, ನರ್ಸರಿ ಮಾಡಿಸಿದ ಕೀರ್ತಿ ಅವರದು. ಒಣ ಭೂಮಿಗೆ ಹಣ್ಣಿನ ಗಿಡ ಅನ್ನೋ ಆಸೆ ಹಳ್ಳಿ ಹಳ್ಳಿಗೆ ಹೋಯ್ತು. ಗಿಡದ ಬೇಡಿಕೆ ಏರಿತು. ಅಟ್ಟ ಕಟ್ಟಿ, ಕುಂಡ ಹೊತ್ತು, ಮೂರು ತಿಂಗಳು ಕಾಯೋ ಸಾಮೀಪ್ಯ ಕಸಿ ಆ ಬೇಡಿಕೆಗೆ ಸಾಲದು. ಹೊಸ ವಿಧಾನಗಳು ಬಂದವು. ಕಡ್ಡಿಯನ್ನ ಪಕ್ಕದಲ್ಲಿ ಕೂರಿಸೋ ವೆನೀರ್ ಕಸಿ. ಮೊಳೆತು ಎರಡು ವಾರವೂ ಆಗದ, ಇನ್ನೂ ತಾಮ್ರದ ಬಣ್ಣದಲ್ಲಿರೋ ಸಸಿಯ ಮೇಲೆ ಕಟ್ಟೋ ವಾಟೆ ಕಸಿ. ಚಿಗುರಿನ ಎಳೆ ಕಾಂಡವನ್ನ ಸೀಳಿ ಕಟ್ಟೋ ಮೃದುಕಾಂಡ ಕಸಿ. ಇದನ್ನ ತೋಟದಲ್ಲಿ ಗಿಡ ಇರೋ ಜಾಗದಲ್ಲೇ ಮಾಡೋ ಕ್ರಮ 1970ರ ದಶಕದಲ್ಲಿ ಗುಜರಾತಿನ ಆನಂದ್ ಕಡೆಯಿಂದ ಹರಡಿತು. ಪಾಲಿಥೀನ್ ಪಟ್ಟಿ, ಪಾಲಿಥೀನ್ ಚೀಲ ಬಂದಮೇಲೆ ಒಬ್ಬ ಕೈಚಳಕದ ಆಳು ದಿನಕ್ಕೆ ನೂರಾರು ಕಸಿ ಕಟ್ಟೋ ಹಾಗಾಯ್ತು.

ಅಷ್ಟು ಕಸಿಗೆ ಅಷ್ಟೇ ವಾಟೆ ಬೇಕಲ್ಲ? ಮಾವಿನ ವಾಟೆ ರಾಗಿ ಬೀಜದ ಹಾಗೆ ಕೂಡಿಡೋ ಹಾಗಿಲ್ಲ. ಹಣ್ಣಿನಿಂದ ತೆಗೆದು ಒಂದು ತಿಂಗಳು ದಾಟಿದರೆ ಮೊಳೆಯೋ ಶಕ್ತಿ ಹೋಗುತ್ತೆ. ಹಾಗಾಗಿ ಜೂನ್‌ನಲ್ಲಿ, ಒಂದೇ ಸಲಕ್ಕೆ, ಲಾರಿಗಟ್ಟಲೆ, ಅಗ್ಗಕ್ಕೆ ವಾಟೆ ಸಿಗೋ ಜಾಗ ಯಾವುದು? ತಿರುಳು ತೆಗೆಯೋ ಕಾರ್ಖಾನೆ. ಚಿತ್ತೂರು, ಕೃಷ್ಣಗಿರಿ ಕಡೆಯ ಕಾರ್ಖಾನೆಗಳ ಹಿಂದೆ ವಾಟೆಯ ಗುಡ್ಡಗಳೇ ಬೀಳುತ್ತವೆ. ಹೆಚ್ಚು ತೋತಾಪುರಿ, ಜೊತೆಗೆ ಸಿಕ್ಕಿದ್ದೆಲ್ಲ. ತೋತಾಪುರಿಯೂ ಏಕಭ್ರೂಣವೇ. ಒಂದೊಂದು ವಾಟೆಗೂ ಒಬ್ಬೊಬ್ಬ ಅಪ್ಪ. ಕಸಿ ಕಟ್ಟೋ ಕೈ ಎಷ್ಟೇ ಒಳ್ಳೇದಿರಲಿ, ಕೆಳಗಿನವನು ಲಾಟರಿ.

ನರ್ಸರಿಯವರನ್ನ ಮಾತ್ರ ಬೈದರೆ ಅನ್ಯಾಯ. ಹೆಸರು ಗೊತ್ತಿರೋ ಬುಡ ಬೇಕು ಅಂತ ಯಾರು ಕೇಳಿದ್ದಾರೆ? ಬಾದಾಮಿ ಇದೆಯಾ, ಮಲ್ಲಿಕಾ ಇದೆಯಾ, ಗಿಡಕ್ಕೆ ಎಷ್ಟು, ಇಷ್ಟೇ ನಮ್ಮ ಪ್ರಶ್ನೆ. ಬೆಲೆ ಎರಡು ರೂಪಾಯಿ ಕಮ್ಮಿ ಇದ್ದ ಕಡೆ ಟೆಂಪೋ ತಿರುಗಿಸ್ತೀವಿ. ಜೊತೆಗೆ ವಿಜ್ಞಾನಿಗಳ ಕಷ್ಟವೂ ಇದೆ. ಒಂದು ಬುಡದ ಗುಣ ತಿಳಿಯೋಕೆ ಹತ್ತು ಹದಿನೈದು ವರ್ಷ. ಬಾದಾಮಿಗೆ ಒಗ್ಗಿದ ಬುಡ ನೀಲಂಗೆ ಬೇರೆ ಥರ ನಡೀಬಹುದು, ಕೆಂಪು ಮಣ್ಣಲ್ಲಿ ಗೆದ್ದದ್ದು ಎರೆಮಣ್ಣಲ್ಲಿ ಸೋಲಬಹುದು. ಸೇಬಿನ ಹಾಗೆ ಒಂದು ನಂಬರ್ ಹೇಳಿ ಮುಗಿಸೋಕಾಗಲ್ಲ.

ಬೇರು ಬಿಟ್ಟ ಜಾಗ ತುಂಬೋಕೆ ಆಮೇಲೆ ಔಷಧ ಬಂತು. ಮರ ಎತ್ತರಕ್ಕೆ ಹೋಗದೆ ಹೂ ಬಿಡಲಿ ಅಂತ ಬುಡಕ್ಕೆ ಪ್ಯಾಕ್ಲೊಬ್ಯುಟ್ರಜಾಲ್ ಹಾಕೋದು ಕೊಂಕಣದ ಆಲ್ಫಾನ್ಸೊ ತೋಟಗಳಲ್ಲಿ 1990ರ ದಶಕದಿಂದ ರೂಢಿಗೆ ಬಂತು, ಆಮೇಲೆ ನಮ್ಮಲ್ಲೂ ಬಂತು. ಗಿಡ್ಡ ಬೇರು ಮಾಡಬಹುದಾದ ಕೆಲಸದ ಒಂದು ಭಾಗವನ್ನ ನಾವು ಡಬ್ಬಿಯಿಂದ ಮಾಡಿಸ್ತಿದ್ದೀವಿ.

ಬೇರೆ ದೇಶದವರು ಏನು ಮಾಡಿದರು? ಇಸ್ರೇಲ್‌ನಲ್ಲಿ ಸುಣ್ಣದ ಮಣ್ಣು, ಉಪ್ಪು ನೀರು. ಮಾವು ಎಲೆ ಸುಟ್ಟುಕೊಳ್ಳುತ್ತಿತ್ತು. ಅವರು ಬಹುಭ್ರೂಣದ ಸಸಿಗಳನ್ನ ಅದೇ ನೀರಲ್ಲಿ ಬೆಳೆಸಿ, ಉಳಿದದ್ದನ್ನ ಆರಿಸಿ, ಒಂದಕ್ಕೆ 13-1 ಅಂತ ಹೆಸರಿಟ್ಟು 1980ರಲ್ಲಿ ಪ್ರಕಟಿಸಿದರು. ಅಲ್ಲಿ ಮಾವು ನೆಡೋರು ಆ ನಂಬರ್ ಹೇಳ್ತಾರೆ. ದಕ್ಷಿಣ ಆಫ್ರಿಕಾದಲ್ಲಿ ಸೇಬರ್ ಅನ್ನೋ ಬಹುಭ್ರೂಣದ ಬುಡ. ಆಸ್ಟ್ರೇಲಿಯಾದಲ್ಲಿ ಕೆನ್ಸಿಂಗ್ಟನ್ ಪ್ರೈಡ್. ಇಂಡಿಯಾಕ್ಕೆ ಕುದುರೆ ಸಾಗಿಸ್ತಿದ್ದ ಹಡಗುಗಳ ಜೊತೆ ಅದು ಕ್ವೀನ್ಸ್‌ಲ್ಯಾಂಡಿನ ಬೋವೆನ್ ಬಂದರಿಗೆ ಬಂತು ಅಂತ ಅಲ್ಲಿನವರ ಕಥೆ. ನಮ್ಮಲ್ಲೂ ಉಪ್ಪಿನ ಪರೀಕ್ಷೆಗಳು ಆಗಿವೆ. ಅದರಲ್ಲಿ ಮತ್ತೆ ಮತ್ತೆ ಕೇಳಿಬರೋ ಹೆಸರು ಕುರುಕ್ಕನ್, ಓಲೂರ್, ಬಪ್ಪಕಾಯಿ, ನೆಕ್ಕರೆ.

ನೋಡಿ, ಇವೆಲ್ಲ ಪೇಟೆಯಲ್ಲಿ ಬೆಲೆ ಸಿಗೋ ಹಣ್ಣುಗಳಲ್ಲ. ನಾರು ಇರೋವು, ಹುಳಿ ಇರೋವು, ಉಪ್ಪಿನಕಾಯಿಗೋ ಗೊಜ್ಜಿಗೋ ಹೋಗೋವು. ಮನೆ ಹಿತ್ತಲಲ್ಲಿ, ಗದ್ದೆ ಬದುವಲ್ಲಿ, ದೇವಸ್ಥಾನದ ಹಿಂದೆ ನಿಂತಿರೋ ಮರಗಳು. ರಸ್ತೆ ಅಗಲ ಮಾಡೋವಾಗ ಮೊದಲು ಬೀಳೋವು ಇವೇ. ಬೀಳಿಸೋವಾಗ ಅದೊಂದು ಕಾಟು ಮಾವು, ಹೋಗ್ಲಿ ಬಿಡಿ ಅಂತೀವಿ. ಮಲೆನಾಡಿನಲ್ಲಿ ಅಪ್ಪೆಮಿಡಿಗೆ ಭೌಗೋಳಿಕ ಗುರುತು ಸಿಕ್ಕಿ, ಆ ಮರಗಳನ್ನ ಹುಡುಕಿ ಕಸಿ ಕಟ್ಟಿ ಉಳಿಸೋ ಕೆಲಸ ನಡೀತಿದೆ, ಸಂತೋಷ. ಮಿಡಿಗೆ ಪರಿಮಳ ಇದೆ, ಅದಕ್ಕೆ ಅಭಿಮಾನಿಗಳಿದ್ದಾರೆ. ಬೇರಿಗೆ ಅಭಿಮಾನಿಗಳು ಯಾರು?

ನಮ್ಮ ಮನೆಯ ಕಥೆಗೆ ವಾಪಸ್ ಬರ್ತೀನಿ. ನಮ್ಮ ಬೋರ್‌ವೆಲ್ ನೀರು ಬಿಂದಿಗೆ ತಳದಲ್ಲಿ ಬಿಳೀ ಪದರ ಬಿಡುತ್ತೆ. ಹೋದ ವರ್ಷ ಮೇ ಕೊನೆಗೆ ಪುತ್ತೂರಿನ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಹಿತ್ತಲ ನೆಕ್ಕರೆ ಮರದ ಕೆಳಗೆ ಬಿದ್ದ ಹಣ್ಣು ಆಯ್ದು ಎಂಬತ್ತು ವಾಟೆ ತೊಳೆದು ತಂದೆ. "ಇದನ್ನು ಬೆಂಗಳೂರು ದಾಟಿಸಿ ಕೊಂಡೋಗ್ತೀಯಾ ಮಾರಾಯ?" ಅಂತ ಚಿಕ್ಕಮ್ಮ ನಕ್ಕರು. ಮೇಲಿನ ಗಟ್ಟಿ ಸಿಪ್ಪೆ ಬಿಡಿಸಿ, ಒಂದು ವಾರದೊಳಗೆ ಚೀಲಕ್ಕೆ ಹಾಕಿದೆ. ಅರವತ್ತೊಂದು ಮೊಳೆತವು. ಎಷ್ಟೋ ವಾಟೆಯಲ್ಲಿ ಎರಡು, ಮೂರು ಸಸಿ. ಅವನ್ನ ಬಿಡಿಸಿ, ಒಂದೇ ಥರ ಕಾಣೋವನ್ನ ಮಾತ್ರ ಇಟ್ಟುಕೊಂಡು, ತೀರಾ ಸಣಕಲು, ತೀರಾ ಬೇರೆ ಥರದ್ದನ್ನ ತೆಗೆದುಹಾಕಿದೆ.

ಅಣ್ಣನಿಗೆ ಕೋಪ. "ಎರಡು ವರ್ಷ ಹಿಂದೆ ಬೀಳ್ತೀವಲ್ಲೋ. ಗಿಡ ತಂದು ಇಟ್ರೆ ನಾಳೆಗೇ ಆಗ್ತಿತ್ತು" ಅಂದ. ಅವನ ಮಾತಲ್ಲಿ ನ್ಯಾಯ ಇದೆ. ನೆಕ್ಕರೆ ಮೇಲೆ ಬಾದಾಮಿ ನಮ್ಮ ಮಣ್ಣಲ್ಲಿ ಹೇಗೆ ನಿಲ್ಲುತ್ತೆ ಅನ್ನೋದಕ್ಕೆ ನನ್ನ ಹತ್ತಿರ ಗ್ಯಾರಂಟಿ ಇಲ್ಲ. ಕೊನೆಗೆ ಒಂದು ಎಕರೆ ಅವನ ಲೆಕ್ಕ, ಒಂದು ಎಕರೆ ನನ್ನ ಲೆಕ್ಕ ಅಂತ ಒಪ್ಪಂದ ಆಯ್ತು. ಅವನು ನರ್ಸರಿಗೆ ಹೋದಾಗ ಬುಡ ಯಾವುದು, ವಾಟೆ ಎಲ್ಲಿಂದ ಬಂತು ಅಂತ ಕೇಳಿದನಂತೆ. ಅವರು ಮುಖ ಮುಖ ನೋಡಿಕೊಂಡರಂತೆ. ಕೇಳಿದನಲ್ಲ, ನನಗೆ ಅಷ್ಟು ಸಾಕು.

ನೀವೂ ಗಿಡ ತರೋಕೆ ಹೋದರೆ ದಯವಿಟ್ಟು ಕೇಳಿ. ಉತ್ತರ ಸಿಗದಿದ್ದರೆ, ಒಂದೇ ಬಹುಭ್ರೂಣದ ಮರದ ವಾಟೆ ತಂದು ನೆಡೋ ಜಾಗದಲ್ಲೇ ಹಾಕಿ, ಸಸಿ ಬಲಿತಮೇಲೆ ಮಳೆಗಾಲದ ಚಿಗುರಿಗೆ ಕಸಿ ಕಟ್ಟಿಸಿ. ತಾಯಿಬೇರು ತುಂಡಾಗದೆ ಆಳಕ್ಕೆ ಇಳಿಯುತ್ತೆ, ಬರಕ್ಕೆ ಅದೇ ಆಸರೆ. ಕಡ್ಡಿ ತೆಗೆಯೋ ಮರದ ರೆಂಬೆಯ ಎಲೆಗಳನ್ನ ಒಂದು ವಾರ, ಹತ್ತು ದಿನ ಮೊದಲೇ ಸವರಿದರೆ ಮೊಗ್ಗು ಉಬ್ಬಿ ಕಸಿ ಬೇಗ ಹಿಡಿಯುತ್ತೆ. ಎಲ್ಲಕ್ಕಿಂತ ಮುಖ್ಯ, ಯಾವ ಬುಡಕ್ಕೆ ಯಾವ ಕಡ್ಡಿ ಕಟ್ಟಿದ್ದು ಅಂತ ಬರೆದಿಡಿ.

ಆ ಕೊನೇ ಮಾತು ನನ್ನದಲ್ಲ, ಅಪ್ಪನದು. ಅವರಿಗೀಗ ಎಪ್ಪತ್ತೊಂದು. ಮೊದಲ ದಿನ ಚೀಲಗಳನ್ನ ನೋಡಿ, "ಇದರ ಹಣ್ಣು ನಾನು ತಿನ್ನಲ್ಲ ಬಿಡು" ಅಂದಿದ್ದರು. ಹೋದ ವಾರ ಊರಿಗೆ ಹೋದಾಗ ನೋಡಿದೆ. ಹಳೇ ತಗಡಿನ ಡಬ್ಬಿ ಕತ್ತರಿಸಿ, ಮೊಳೆಯಲ್ಲಿ ಕೊರೆದು, ಪ್ರತಿ ಚೀಲಕ್ಕೂ ಒಂದೊಂದು ಬಿಲ್ಲೆ ಕಟ್ಟಿದ್ದಾರೆ. ಮೇಲಿನ ಸಾಲಿನಲ್ಲಿ ಬಾದಾಮಿ ಅಂತ ಬರೆಯೋಕೆ ಜಾಗ ಬಿಟ್ಟು, ಕೆಳಗಿನ ಸಾಲಿನಲ್ಲಿ ಬರೆದಿದ್ದಾರೆ: ನೆಕ್ಕರೆ, ಪುತ್ತೂರು.